ತೊಲೆಗೆ ತೂಗಿದ ಬ್ರೇಕ್ ಪ್ಯಾಡು

ಮೊದಲೇ ಹೇಳಿಬಿಡುವುದು ಒಳ್ಳೆಯದು: ನನಗೆ ಕಾರು ಓಡಿಸಲು ಬರುವುದಿಲ್ಲ. ಈ ಮಾತನ್ನು ಹೇಳಬೇಕಾಗಿದ್ದ ದಿನ, ಹೇಳಬೇಕಾಗಿದ್ದವರ ಮುಂದೆ ಹೇಳಲಿಲ್ಲ. ನಾನು ಮಾಡಿದ ತಪ್ಪು ಅಷ್ಟೇ. ಆಮೇಲೆ ನಡೆದದ್ದೆಲ್ಲ ನನ್ನನ್ನು ಕೇಳದೆ ನಡೆಯಿತು.

ನಮ್ಮ ಮಾವ ತೋಂಟದಾರ್ಯನವರು ಶೆಟ್ಟಿಕೆರೆಯಲ್ಲಿ ತೆಂಗಿನ ತೋಟದ ಯಜಮಾನರು. ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಕೊಬ್ಬರಿಗೆ ಒಳ್ಳೆಯ ರೇಟು ಬಂದ ವರ್ಷ, ಬೆಂಗಳೂರಿನ ಡಾಕ್ಟರೊಬ್ಬರು ಓಡಿಸಿ ಬಿಟ್ಟ ಕೆಂಪು ಸ್ಪೋರ್ಟ್ಸ್ ಕಾರನ್ನು ಕೊಂಡು ತಂದರು. ಎರಡೇ ಬಾಗಿಲು, ಎರಡೇ ಸೀಟು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಮಾವ ಅದರಿಂದ ಇಳಿಯಬೇಕಾದರೆ ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ಯಾರದಾದರೂ ಭುಜ ಬೇಕು.

"ಎರಡೇ ಸೀಟಿನ ಕಾರು ಯಾಕೆ ಮಾವ?" ಎಂದು ಕೇಳಿದ್ದಕ್ಕೆ ಅವರು ಧ್ವನಿ ತಗ್ಗಿಸಿ ಹೇಳಿದರು: "ಮದ್ವೆಯಾದ ನಲವತ್ತು ವರ್ಷದಲ್ಲಿ ನಿಮ್ಮತ್ತೇನ ಒಬ್ಬಳ್ನೇ ಕೂರಿಸ್ಕೊಂಡು ಎಲ್ಗೂ ಹೋಗಿಲ್ಲ ಕಣ್ರಪ್ಪ. ಜೀಪ್ ಇದ್ದಾಗ ಹಿಂದುಗಡೆ ಕೊಬ್ರಿ ಮೂಟೆ, ಮುಂದುಗಡೆ ನಮ್ಮಕ್ಕ. ಇದ್ರಲ್ಲಿ ಮೂರ್ನೇಯವ್ರು ಕೂರಾಕೇ ಆಗಲ್ಲ."

ಈಗ ನನ್ನ ವಿಷಯ. ನಾನು ತಿಪಟೂರಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು. ಹಗಲು ಓದಿದವರಿಗೆ ತಮಗೆ ಎಲ್ಲ ಗೊತ್ತು ಎಂಬ ಧೈರ್ಯವಿರುತ್ತದೆ. ಹಗಲಿನವರಿಗೆ ಹೇಳಿಕೊಟ್ಟದ್ದರಲ್ಲಿ ಏನೋ ಒಂದನ್ನು ನಮಗೆ ಹೇಳಿಕೊಡದೆ ಬಿಟ್ಟಿದ್ದಾರೇನೋ ಎಂಬ ಅನುಮಾನ ಸಂಜೆ ಓದಿದವನನ್ನು ಸಾಯುವ ತನಕ ಬಿಡುವುದಿಲ್ಲ. ಆದ್ದರಿಂದ ನಾನು ಏನನ್ನೇ ಆಗಲಿ ಎರಡು ಸಲ ಓದುತ್ತೇನೆ, ಮೂರನೆಯ ಸಲ ಗಟ್ಟಿಯಾಗಿ ಓದುತ್ತೇನೆ. ಕಾರಿನ ಜೊತೆಗೆ ಬಂದ ಇಂಗ್ಲಿಷ್ ಪುಸ್ತಕವನ್ನೂ ಹಾಗೇ ಓದಿದೆ.

"ನೋಡಿದ್ಯೇನೇ ದ್ರಾಕ್ಷಾಯಣಿ," ಎಂದರು ಮಾವ, "ಅಳಿಯಂದ್ರು ಕಾರಿನ ವಿಷ್ಯದಲ್ಲಿ ಓದ್ಕೊಂಡೋರು!"

ಅಲ್ಲ ಎನ್ನಲು ಬಾಯಿ ತೆರೆದೆ. ಅತ್ತೆ ಆ ಬಾಯಿಗೆ ಸರಿಯಾಗಿ ಇನ್ನೊಂದು ಹೋಳಿಗೆ ಬಡಿಸಿದರು. ಹೋಳಿಗೆ ಮುಗಿಯುವ ಹೊತ್ತಿಗೆ ನಾನು ಆ ಮನೆಯ ಕಾರು ಪರಿಣತನಾಗಿದ್ದೆ.

ಮೂರು ತಿಂಗಳ ನಂತರ ಕಾರಿನ ಬ್ರೇಕು ಕೂಗತೊಡಗಿತು. ಅದೂ ಎಂಥ ದಿನ! ಅತ್ತೆ ರೇಷ್ಮೆ ಸೀರೆ ಉಟ್ಟು, ಮೊಟ್ಟಮೊದಲ ಬಾರಿಗೆ ಆ ಎರಡನೆಯ ಸೀಟಿನಲ್ಲಿ ಕುಳಿತ ದಿನ. ಬಸ್ ಸ್ಟ್ಯಾಂಡಿನ ಮುಂದೆ ಎಮ್ಮೆಯೊಂದು ಅಡ್ಡ ಬಂತು. ಮಾವ ಬ್ರೇಕು ತುಳಿದರು. ಹಂದಿ ಹಿಡಿಯುವವರು ಬಂದಾಗ ಕೇಳುತ್ತದಲ್ಲ, ಅಂಥ ಸದ್ದು. ಎಮ್ಮೆ ಅಲ್ಲಾಡಲಿಲ್ಲ. ಊರೇ ತಿರುಗಿ ನೋಡಿತು. ಅರಳಿಕಟ್ಟೆಯ ಮೇಲಿದ್ದ ಮುದುಕರೊಬ್ಬರು, "ಯಾರ್ಗಾದ್ರೂ ಹೊಡೆದ್ಯೇನ್ಲಾ?" ಎಂದು ಎದ್ದು ನಿಂತರು. ಅತ್ತೆ ಕಾರಿನಿಂದ ಇಳಿದು, ರೇಷ್ಮೆ ಸೀರೆಯಲ್ಲೇ ನಡೆದು ಮನೆ ಸೇರಿದರು.

ಸಂಜೆ ತೀರ್ಪು ಬಂತು. "ಮುಂದಿನ ತಿಂಗ್ಳು ನಮ್ಮ ರಾಧಾಮಣಿ ತುರುವೇಕೆರೇಲಿ ಗೃಹಪ್ರವೇಶ ಇಟ್ಕಂಡವ್ಳೆ. ಅಷ್ಟರೊಳಗೆ ಅದ್ರ ಬಾಯಿ ಮುಚ್ಚಿಸಿದ್ರೆ ಕಾರಲ್ಲಿ ಬತ್ತೀನಿ. ಇಲ್ದಿದ್ರೆ ನಾನು ಬಸ್ಸಿಗೆ, ಕಾರು ಮಾರಾಟಕ್ಕೆ."

ರಾಧಾಮಣಿ ಅತ್ತೆಯ ತಂಗಿ. ಅಕ್ಕನ ಮನೆಯಲ್ಲಿ ಏನು ಕೂಗಿದರೂ ಅವರಿಗೆ ತುರುವೇಕೆರೆಯಲ್ಲಿ ಕೇಳಿಸುತ್ತದೆ.

ಮಾವ ನನ್ನನ್ನು ನೋಡಿದರು. ಆ ನೋಟದಲ್ಲಿ ನಲವತ್ತು ವರ್ಷ ಕಾದ ಗಂಡಸೊಬ್ಬರ ಪೂರ್ತಿ ನಂಬಿಕೆಯಿತ್ತು.

ಮಾರನೆಯ ದಿನವೇ ತಿಪಟೂರಿನ ಅರುಣ್ ಕುಮಾರನ ಗ್ಯಾರೇಜಿಗೆ ಹೋದೆ. ಅವನು ಬೆಳಗ್ಗೆಯೇ ಶೆಟ್ಟಿಕೆರೆಗೆ ಹೋಗಿ ಕಾರು ನೋಡಿ ಬಂದಿದ್ದ.

"ಪ್ಯಾಡ್ ಸವೆದದೆ ಅಣ್ಣ, ಬದಲಾಯಿಸ್ಬೇಕು. ಇಲ್ಲಿ ಸಿಗಲ್ಲ, ಆನ್‌ಲೈನಲ್ಲಿ ತರಿಸಿ. ಮೂರು ಥರ ಬರ್ತವೆ. ಒಂದು ಮೆಟಲ್ ಸೇರಿಸಿರೋದು. ಗಟ್ಟಿಯಾಗಿ ಹಿಡೀತದೆ, ಸ್ವಲ್ಪ ಕೂಗ್ತದೆ."

"ಬೇಡ."

"ಇನ್ನೊಂದು ರೇಸಿನೋರು ಹಾಕೋದು. ಕಾದ ಮೇಲೆ ಎಂಥಾ ಹಿಡಿತ ಅಂತೀರಾ!"

"ಕಾಯೋ ತನಕ?"

"ಕಾಯೋ ತನಕ ಅಷ್ಟೇನು ಹಿಡಿಯಲ್ಲ."

"ಹೇಗೆ ಕಾಯುತ್ತೆ?"

"ನೂರೈವತ್ತರ ಸ್ಪೀಡಲ್ಲಿ ನಾಲ್ಕು ಸಲ ಬ್ರೇಕ್ ಹೊಡೀರಿ, ಕಾದೋಯ್ತದೆ."

ನಮ್ಮ ಮಾವ ಯಾವತ್ತೂ ನಲವತ್ತರ ಸ್ಪೀಡು ದಾಟಿದವರಲ್ಲ. ಅವರ ಕಾಲ ಕೆಳಗೆ ಆ ಪ್ಯಾಡು ತುರುವೇಕೆರೆಗೆ ಹೋಗಿ ಬರುವಷ್ಟರಲ್ಲಿ ಉಗುರುಬೆಚ್ಚಗೂ ಆಗುವುದಿಲ್ಲ.

"ಮೂರ್ನೇದು ಸೆರಾಮಿಕ್. ಸದ್ದಿಲ್ಲ, ಧೂಳಿಲ್ಲ."

"ಸೆರಾಮಿಕ್ ಅಂದ್ರೆ ಪಿಂಗಾಣಿ ಅಲ್ವಾ? ಒಡೆದುಹೋಗಲ್ವಾ?"

ಅರುಣ್ ಕುಮಾರ್ ಸ್ಪ್ಯಾನರು ಕೆಳಗಿಟ್ಟ. "ಅಣ್ಣ, ನೀವು ಕಾರಿನ ವಿಷ್ಯದಲ್ಲಿ ಓದ್ಕೊಂಡಿದೀರ ಅಂತ ತೋಂಟದಾರ್ಯಣ್ಣ ಹೇಳಿದ್ರು?"

"ನಿಮ್ಮನ್ನ ಪರೀಕ್ಷೆ ಮಾಡಿದೆ," ಎಂದು ಹೇಳಿ ಬೇಗ ಹೊರಟುಬಿಟ್ಟೆ.

ಆಮೇಲೆ ಹತ್ತೊಂಬತ್ತು ದಿನ ನಾನು ಪ್ಯಾಡು ಆರಿಸಿದೆ. ನನ್ನ ಮದುವೆಗೆ ಹೆಣ್ಣು ನೋಡಿ ಒಪ್ಪುವುದಕ್ಕೆ ಒಂದು ಮಧ್ಯಾಹ್ನ ಸಾಕಾಗಿತ್ತು ಎಂದು ನನ್ನ ಹೆಂಡತಿ ಜೀವಿತಾ ಜ್ಞಾಪಿಸಿದಳು. ನಿಜ. ಆದರೆ ಆ ಆಯ್ಕೆಯಲ್ಲಿ ತಪ್ಪಿದರೆ ಯಾರ ತಂದೆಯೂ ಎಮ್ಮೆಗೆ ಗುದ್ದುತ್ತಿರಲಿಲ್ಲ. ಬೇರೆ ಬೇರೆ ದೇಶದವರು ಬರೆದ ಅಭಿಪ್ರಾಯಗಳನ್ನು ಓದಿದೆ. ಒಬ್ಬ ಜರ್ಮನಿಯವನು ಇನ್ನೂರರ ಸ್ಪೀಡಿನಲ್ಲಿ ಚೆನ್ನಾಗಿ ಹಿಡಿಯಿತು ಎಂದು ಐದು ಚುಕ್ಕಿ ಕೊಟ್ಟಿದ್ದ. ಎಮ್ಮೆಯ ವಿಷಯ ಮಾತ್ರ ಯಾರೂ ಬರೆದಿರಲಿಲ್ಲ. ಕೊನೆಗೆ ಸೆರಾಮಿಕ್ ಪ್ಯಾಡೊಂದನ್ನು ಆರಿಸಿ, ಕಣ್ಣು ಮುಚ್ಚಿ ಆರ್ಡರಿನ ಗುಂಡಿ ಒತ್ತಿದೆ.

ಗೃಹಪ್ರವೇಶ ಭಾನುವಾರ. ಬುಧವಾರ ಡಬ್ಬಿ ಬಂತು. ಅರುಣ್ ಕುಮಾರನಿಗೆ ಶನಿವಾರಕ್ಕೆ ಮುಂಚೆ ಬಿಡುವಿಲ್ಲ. ನಾನು ರಜೆ ಹಾಕಿ, ಡಬ್ಬಿ ಹಿಡಿದುಕೊಂಡು ಮಾವನ ಮನೆಗೆ ಬಂದೆ. ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿಯನ್ನು ಎರಡು ಸಲ ಓದಿದೆ. ಮೂರನೆಯ ಸಲ ಗಟ್ಟಿಯಾಗಿ ಓದಿದೆ. ಅದರಲ್ಲಿ ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆಯಿತ್ತು: ಪ್ಯಾಡಿಗೆ ಎಣ್ಣೆ ಸೋಕಬಾರದು. ಎಣ್ಣೆಯ ಕೈಯೂ ತಾಕಬಾರದು. ತಾಕಿದರೆ ಬ್ರೇಕು ಹಿಡಿಯುವುದಿಲ್ಲ.

ನಾನು ತಲೆಯೆತ್ತಿ ಸುತ್ತ ನೋಡಿದೆ.

ಅಟ್ಟದ ತುಂಬ ಕೊಬ್ಬರಿ. ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆ. ಉಗ್ರಾಣದಲ್ಲಿ ಎಣ್ಣೆಯ ಡಬ್ಬಗಳು. ದೇವರ ಮನೆಯಲ್ಲಿ ಎಣ್ಣೆಯ ದೀಪ. ಪಡಸಾಲೆಯ ಗೋಡೆಯ ಮೇಲೆ, ಮೂರು ತಲೆಮಾರಿನವರು ತಲೆ ಒರಗಿಸಿ ಕುಳಿತಲ್ಲೆಲ್ಲ, ದುಂಡನೆಯ ಎಣ್ಣೆಯ ಗುರುತುಗಳು. ಬಾಗಿಲಿನ ತಿರುಗಣಿಗೆ ಎಣ್ಣೆ, ಅತ್ತೆಯ ತಲೆಗೆ ಎಣ್ಣೆ, ಮಾವನ ಮಂಡಿಗೆ ಎಣ್ಣೆ. ಬ್ರೇಕ್ ಪ್ಯಾಡಿಗೆ ಇದಕ್ಕಿಂತ ಅಪಾಯದ ಸೀಮೆ ಭೂಮಿಯ ಮೇಲೆ ಇನ್ನೊಂದಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಆ ಮನೆಯಲ್ಲಿ ಎಣ್ಣೆಯಿಲ್ಲದ ಜಾಗವೆಂದರೆ ಗಾಳಿ ಒಂದೇ. ಸೋಪಿನ ಪುಡಿಯಲ್ಲಿ ಒಗೆದ ಬಿಳಿಯ ಪಂಚೆ ತಂದೆ. ಸೀಗೆಪುಡಿ ಹಚ್ಚಿ ಸ್ನಾನ ಮಾಡಿದೆ. ಡಬ್ಬಿಯನ್ನು ಪಂಚೆಯಲ್ಲಿ ಗಂಟು ಕಟ್ಟಿ, ಹೊಸ ಹಗ್ಗದಿಂದ ಪಡಸಾಲೆಯ ನಡುತೊಲೆಗೆ, ಯಾರ ತಲೆಯೂ ತಾಕದಷ್ಟು ಎತ್ತರದಲ್ಲಿ ತೂಗುಹಾಕಿದೆ. ಮನೆಯವರಿಗೆಲ್ಲ ಹೇಳಿದೆ: "ಶನಿವಾರದ ತನಕ ಇದನ್ನ ಯಾರೂ ಮುಟ್ಟಬಾರ್ದು."

ಅದನ್ನು ಮೊದಲು ನೋಡಿದವರು ಪಕ್ಕದ ಮನೆಯ ರಾಮಕ್ಕ. ಮಜ್ಜಿಗೆಗೆ ಬಂದವರು ಹೊಸ್ತಿಲಲ್ಲೇ ನಿಂತರು. ಹರಕೆ ಹೊತ್ತವರು ದೇವರ ಹೆಸರಿನಲ್ಲಿ ಬಿಳಿಬಟ್ಟೆಯಲ್ಲಿ ಮುಡಿಪು ಕಟ್ಟಿ ತೊಲೆಗೆ ತೂಗುಹಾಕುವುದು ನಮ್ಮ ಕಡೆ ಇದ್ದದ್ದೇ. ಆದರೆ ಅದು ಸಾಮಾನ್ಯವಾಗಿ ನಿಂಬೆಹಣ್ಣಿನಷ್ಟಿರುತ್ತದೆ. ಇದು ಕುಂಬಳಕಾಯಿಯಷ್ಟಿತ್ತು.

"ಯಾವ ದೇವ್ರಿಗೆ ಕಟ್ಟಿದ್ದೀರಾ ಮುಡಿಪ?" ಎಂದರು ರಾಮಕ್ಕ, ಚಪ್ಪಲಿ ಬಿಟ್ಟು.

"ಮುಡಿಪಲ್ಲ ರಾಮಕ್ಕ, ಕಾರಿನ ಸಾಮಾನು."

"ಕಾರಿನ ಸಾಮಾನ ಯಾರಾದ್ರೂ ತೊಲೆಗೆ ಕಟ್ಟಾರಾ? ಹೇಳಬಾರ್ದು ಅಂತಿದ್ರೆ ಬುಡಿ." ಹೀಗೆನ್ನುತ್ತಾ ಅವರು ಕಣ್ಣಿಗೊತ್ತಿಕೊಳ್ಳಲು ಗಂಟಿನ ಕಡೆ ಕೈಯೆತ್ತಿದರು. ಆ ಕೈಯಲ್ಲಿ ಬೆಳಗಿನ ಎಣ್ಣೆ ಮಿರಿಮಿರಿ ಮಿನುಗುತ್ತಿತ್ತು.

"ಮುಟ್ಟಬೇಡಿ!" ಎಂದು ನಾನು ಕಿರುಚಿದೆ. "ಸ್ನಾನ ಮಾಡದೆ ಯಾರೂ ಮುಟ್ಟೋ ಹಂಗಿಲ್ಲ!"

ರಾಮಕ್ಕ ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೆನ್ನೆಗೆ ಬಡಿದುಕೊಂಡು, ಮಜ್ಜಿಗೆ ಮರೆತು ಹೋದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮಾರನೆಯ ದಿನ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ರೇಟು ಏರಿತು. ರೇಟು ಏರಲು ನೂರು ಕಾರಣಗಳಿರುತ್ತವೆ. ಶೆಟ್ಟಿಕೆರೆಯಲ್ಲಿ ಅಂದು ಒಂದೇ ಕಾರಣವಿತ್ತು, ಅದು ನಮ್ಮ ತೊಲೆಯಲ್ಲಿ ತೂಗುತ್ತಿತ್ತು.

ಶುಕ್ರವಾರ ಬೆಳಗ್ಗೆ ಅಂಗಳದಲ್ಲಿ ಹದಿನೈದು ಜೊತೆ ಚಪ್ಪಲಿ. ಸಂಜೆಗೆ ಲೆಕ್ಕ ತಪ್ಪಿತು. ಬಂದವರೆಲ್ಲರ ಕೈಯಲ್ಲೂ ಹೂವು, ಹಣ್ಣು, ಮತ್ತು ನಮ್ಮ ಸೀಮೆಯಲ್ಲಿ ದೇವರಿಗೆ ಬೇರೇನು ತರುತ್ತಾರೆ, ಒಂದೊಂದು ಬಟ್ಟಲು ಎಣ್ಣೆ. ನಾನು ಗಂಟಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆ. "ಎಣ್ಣೆ ಒಳಗೆ ತರಬೇಡಿ! ಹೊರಗಿಡಿ!" ಎಂದು ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿತು.

"ಎಣ್ಣೇನೂ ಒಲ್ಲದ ದೇವ್ರು ಕಣ್ಲಾ," ಎಂದು ಯಾರೋ ಪಿಸುಗುಟ್ಟಿದರು. "ಭಾರೀ ನೇಮದ್ದು."

"ಬಂಧುಗಳೇ, ಇದು ಬ್ರೇಕ್ ಪ್ಯಾಡು!" ಎಂದು ನಾನು ಎದ್ದು ನಿಂತು ಘೋಷಿಸಿದೆ.

"ಪಾಪ, ಅಳಿಯಂದ್ರು ಮೂರ್ ದಿನದಿಂದ ಸರಿಯಾಗಿ ಊಟ ಮಾಡಿಲ್ವಂತೆ," ಎಂದರು ರಾಮಕ್ಕ, ಕಣ್ಣೊರೆಸಿಕೊಂಡು.

ಪಂಚಾಯಿತಿಯ ಬಿಲ್ ಕಲೆಕ್ಟರ್ ಬೆಟ್ಟಸ್ವಾಮಿಯೂ ಬಂದರು. ಬಂದ ಕಾರಣ ಸರ್ಕಾರಿ, ಆದರೆ ಚಪ್ಪಲಿ ಬಿಟ್ಟೇ ಬಂದರು. "ಸಾರ್, ಜನ ಸೇರ್ತಾವ್ರೆ. ಮೈಕ್ ಹಾಕ್ಸೋದಾದ್ರೆ ಒಂದು ಅರ್ಜಿ ಕೊಟ್ಬುಡಿ. ಕಾರ್ಯಕ್ರಮದ ಹೆಸ್ರು ಏನಂತ ಬರ್ಕೊಳ್ಳಲಿ?"

"ಬ್ರೇಕ್ ಪ್ಯಾಡ್ ಬದಲಾವಣೆ," ಎಂದೆ.

ಅವರು ನನ್ನ ಮುಖವನ್ನು ಕನಿಕರದಿಂದ ನೋಡಿ, ಪುಸ್ತಕದಲ್ಲಿ 'ವಿಶೇಷ ಪೂಜೆ' ಎಂದು ಬರೆದುಕೊಂಡರು.

ಮಾವನನ್ನು ಮೂಲೆಗೆ ಕರೆದು ಅಂಗಲಾಚಿದೆ. "ನೀವಾದ್ರೂ ಹೇಳಿ ಮಾವ."

"ಹೇಳ್ದೆ ಕಣ್ರಪ್ಪ. ಅಲ್ಲ ಅಲ್ಲ ಅಂದಷ್ಟೂ ಬರೋರು ಜಾಸ್ತಿ ಆಯ್ತಾವ್ರೆ. ನೀವು ಪ್ಯಾಡ್ ಕಾಪಾಡಿ ಸಾಕು. ನಂಗೆ ಭಾನುವಾರದ್ದೇ ಚಿಂತೆ." ಅವರು ಅಂಗಳದಲ್ಲಿದ್ದ ಕಾರಿನ ಕಡೆ ನೋಡಿದರು. ಎರಡನೆಯ ಸೀಟಿಗೆ ಹೊಸ ಟವೆಲು ಹಾಸಿ ಆಗಲೇ ಸಿದ್ಧಮಾಡಿದ್ದರು.

ಶನಿವಾರ ಅರುಣ್ ಕುಮಾರ್ ಬರುವ ಮೊದಲೇ ಪೂಜಾರಿ ರೇವಣಸಿದ್ದಯ್ಯನವರು ಬಂದರು. ಮುಡಿಪು ಇಳಿಸಲು ತಿಪಟೂರಿನಿಂದ ಯಾರೋ ದೊಡ್ಡವರು ಬರುತ್ತಾರೆ ಎಂಬ ಸುದ್ದಿ ಅವರಿಗೆ ಮುಟ್ಟಿತ್ತು. ಹೊರಗಿನವರ ಕೈಯಲ್ಲಿ ತಮ್ಮ ಊರಿನ ಕೆಲಸ ಆಗುವುದನ್ನು ಅವರು ಸಹಿಸುವವರಲ್ಲ. ಕೈಯಲ್ಲಿ ತಾಮ್ರದ ತಂಬಿಗೆ, ಮೇಲೆ ಬಾಳೆಲೆ ಮುಚ್ಚಿತ್ತು. ನೀರು ಎಂದುಕೊಂಡು ನಾನು ಸುಮ್ಮನಾದೆ. ಮೂರು ದಿನದ ಕಾವಲಿನಲ್ಲಿ ನಾನು ಎಚ್ಚರ ತಪ್ಪಿದ್ದು ಅದೊಂದೇ ಸಲ.

ಅರುಣ್ ಕುಮಾರ್ ಬೈಕಿನಲ್ಲಿ ಬಂದಾಗ ಜನ ದಾರಿ ಬಿಟ್ಟು ಕೈಮುಗಿದರು. ಅವನು ಬೆದರಿ ಹಿಂದೆ ಯಾರಾದರೂ ಇದ್ದಾರಾ ಎಂದು ತಿರುಗಿ ನೋಡಿದ. ನಾನು ಅವನಿಗೆ ಮೂರು ಸಲ ಕೈ ತೊಳೆಸಿದೆ. ಗಂಟು ಇಳಿಸಿದೆ. ಈಗಲಾದರೂ ಕಣ್ಣಾರೆ ನೋಡಿ ತಿಳಿದುಕೊಳ್ಳಲಿ ಎಂದು, ಎಲ್ಲರ ಎದುರಿಗೆ ಡಬ್ಬಿ ಬಿಚ್ಚಿ, ಚಪ್ಪಟೆಯ ನಾಲ್ಕು ಕಪ್ಪು ತುಂಡುಗಳನ್ನು ಪಂಚೆಯ ಮೇಲೆ ಸಾಲಾಗಿ ಇಟ್ಟೆ.

"ನೋಡಿ. ಬ್ರೇಕ್ ಪ್ಯಾಡು. ಇದಕ್ಕೆ ಎಣ್ಣೆ ಬಿದ್ರೆ..."

ರೇವಣಸಿದ್ದಯ್ಯನವರ ಮಂತ್ರ ಅಷ್ಟರಲ್ಲಿ ಶುರುವಾಗಿತ್ತು. ಅವರಿಗೂ ಅನುಮಾನ ಬಂದಿರಬೇಕು, ಧ್ವನಿ ಒಂದು ಕ್ಷಣ ಅಳುಕಿತು. ಆದರೆ ಶುರುವಾದ ಮಂತ್ರವನ್ನು ನಡುವೆ ನಿಲ್ಲಿಸುವುದು ಅವರ ಮನೆತನದಲ್ಲಿ ಇಲ್ಲ. ಮಂತ್ರ ಮುಂದೆ ಹೋಯಿತು, ಅದರ ಹಿಂದೆಯೇ ತಂಬಿಗೆ ಬಗ್ಗಿತು. ಗಾಣದಿಂದ ನೇರ ಬಂದ ಕೊಬ್ಬರಿ ಎಣ್ಣೆ, ಒಂದು ಸೇರು, ನಾಲ್ಕೂ ಪ್ಯಾಡುಗಳ ಮೇಲೆ ಸಮನಾಗಿ ಹರಿಯಿತು.

"ಹರಹರ ಮಹಾದೇವ!" ಎಂದರು ಜನ.

ನಾನು ಅಲ್ಲೇ ಕುಸಿದು ಕೂತೆ. ನನ್ನ ಮುಖ ನೋಡಿದ ಮೇಲೆ ಜನಕ್ಕೆ ಮೊದಲ ಬಾರಿಗೆ ನನ್ನ ಮಾತು ನಿಜವಿರಬಹುದೆನಿಸಿತು. ಅರುಣ್ ಕುಮಾರ್ ವಿವರಿಸಿದ: ಇದು ಕಾರಿನದೇ ಸಾಮಾನು, ಎಣ್ಣೆ ಕುಡಿದ ಮೇಲೆ ಕೆಲಸಕ್ಕೆ ಬಾರದು. ರೇವಣಸಿದ್ದಯ್ಯನವರು ತಂಬಿಗೆಯನ್ನು ಕೆಳಗಿಟ್ಟರು. ರಾಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು: "ನಾನೇ ಕಣ್ರಪ್ಪ ಊರಿಗೆಲ್ಲ ಹೇಳಿದ್ದು! ದ್ರಾಕ್ಷಾಯಣಕ್ಕ ಕಾರ್ ಹತ್ತೋದ ನಾನೇ ಕೆಡಿಸ್ದೆ!"

ಅಷ್ಟರಲ್ಲಿ ಅರುಣ್ ಕುಮಾರ್ ಎಣ್ಣೆ ಸುರಿಯುವ ಪ್ಯಾಡೊಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕಿವಿಗೆ ಬಾಗಿದ.

"ಅಣ್ಣ, ಎಣ್ಣೆ ಬೀಳ್ದಿದ್ರೂ ಇವು ಆಯ್ತಿರ್ಲಿಲ್ಲ. ಕೂಗ್ತಿರೋದು ಮುಂದಿನ ಚಕ್ರ. ಇವು ಹಿಂದಿನ ಚಕ್ರದ್ದು."

ಮುಂದಿನ ಚಕ್ರವೋ ಹಿಂದಿನದೋ ಎಂದು ಕೇಳುವ ಸಣ್ಣ ಚೌಕವೊಂದು ಆರ್ಡರಿನ ಗುಂಡಿಯ ಪಕ್ಕದಲ್ಲೇ ಇದ್ದದ್ದು ನನಗೆ ಆಗ ನೆನಪಾಯಿತು. ಕಣ್ಣು ಮುಚ್ಚಿ ಒತ್ತಿದ್ದೆನಲ್ಲ.

"ನೀವು ಸುಮ್ನಿದ್ಬುಡಿ," ಎಂದ ಅರುಣ್ ಕುಮಾರ್. "ನಾನೂ ಹೇಳಲ್ಲ. ತಪ್ಪು ಎಣ್ಣೆ ಮೇಲೆ ಹೋಗ್ಲಿ."

ಒಪ್ಪಿಕೊಳ್ಳುತ್ತೇನೆ, ಅರ್ಧ ನಿಮಿಷ ಸುಮ್ಮನಿದ್ದೆ. ಸುಖವಾದ ಅರ್ಧ ನಿಮಿಷ. ಊರಿಗೆ ಊರೇ ನನ್ನ ಮುಂದೆ ತಲೆತಗ್ಗಿಸಿ ನಿಂತಿತ್ತು. ಆದರೆ ರಾಮಕ್ಕನ ಅಳು ನಿಲ್ಲಲಿಲ್ಲ. ರೇವಣಸಿದ್ದಯ್ಯನವರು, "ಅರವತ್ತು ವರ್ಷದಲ್ಲಿ ನನ್ನ ಕೈಯಿಂದ ಕೆಟ್ಟ ಮೊದಲ್ನೇ ಅಭಿಷೇಕ," ಎಂದು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು. ನಾನು ಎದ್ದು ನಿಂತೆ.

"ನಿಮ್ಮ ಯಾರ ತಪ್ಪೂ ಇಲ್ಲ. ನಾನು ತರಿಸಿದ್ದೇ ತಪ್ಪು ಪ್ಯಾಡು. ಹಿಂದಿನ ಚಕ್ರದ್ದು. ನನಗೆ ಕಾರಿನ ವಿಷಯ ಏನೂ ಗೊತ್ತಿಲ್ಲ. ಕಾರು ಓಡಿಸೋದಕ್ಕೂ ಬರಲ್ಲ."

ರೇವಣಸಿದ್ದಯ್ಯನವರು ಮುಂದೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು, ಎಣ್ಣೆಯ ಕೈಗಳಿಂದ.

"ಎಂಥಾ ದೊಡ್ಡ ಮನ್ಸು! ನಮ್ಮ ತಪ್ಪು ಮುಚ್ಚಾಕೆ ತಾನೇ ಮೇಲೆ ಹಾಕ್ಕೊಂಡ್ರು!"

"ಓದಿದೋರ ಗುಣ ನೋಡ್ರಪ್ಪ," ಎಂದರು ಬೆಟ್ಟಸ್ವಾಮಿ.

"ನಿಜ ಹೇಳ್ತಿದೀನಿ!" ಎಂದು ಅರಚಿದೆ. ರಾಮಕ್ಕ ನನ್ನ ಕಾಲಿಗೇ ಬಿದ್ದರು. ಆ ಇಡೀ ಪಡಸಾಲೆಯಲ್ಲಿ ನನ್ನನ್ನು ನಂಬಿದವರು ಒಬ್ಬರೇ, ನಮ್ಮ ಅತ್ತೆ.

"ನಮ್ಮ ಅಳಿಯಂದ್ರಿಗೆ ಅಷ್ಟು ದೊಡ್ಡ ಮನ್ಸೆಲ್ಲ ಇಲ್ಲ ಬುಡ್ರವ್ವ. ತಪ್ಪೇ ಮಾಡಿರ್ತಾರೆ," ಎಂದು ಹೇಳಿ, ನೆಲದ ಎಣ್ಣೆ ಒರೆಸಲು ಬಟ್ಟೆ ತಂದರು.

ಜನ ಚದುರಿದ ಮೇಲೆ ಅರುಣ್ ಕುಮಾರ್ ಕಾರಿನ ಮುಂದಿನ ಚಕ್ರ ಬಿಚ್ಚಿ ನೋಡಿ ಮತ್ತೆ ಹಾಕಿದ. "ತೋಂಟದಾರ್ಯಣ್ಣ, ಹಳೇ ಪ್ಯಾಡಲ್ಲಿ ಇನ್ನೂ ಒಂದು ತಿಂಗ್ಳಿಗೆ ಮೋಸ ಇಲ್ಲ. ಸವೀತಾ ಬಂದದೆ ಅಂತ ತಿಳಿಸಾಕೆ ಒಂದು ತಗಡು ಇಟ್ಟಿರ್ತಾರೆ, ಕೂಗೋದು ಅದು. ಅಷ್ಟರೊಳಗೆ ಸರಿಯಾದ್ದ ನಾನೇ ತರಿಸ್ತೀನಿ." ತರಿಸುವುದು ತಾನೇ ಎಂದು ಇನ್ನೊಂದು ಸಲ ಹೇಳಿ ಹೋದ.

ಮಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟವೆಲು ಮಡಿಸಿ ಒಳಗಿಟ್ಟು, ಕೊಬ್ಬರಿ ಒಣಗಿಸುವ ಟಾರ್ಪಾಲನ್ನು ತಂದು ಕಾರಿಗೆ ಹೊದಿಸಿದರು. "ಮಾತು ಅಂದ್ರೆ ಮಾತು. ಸೋಮವಾರ ಮಾರಾಟಕ್ಕೆ ಹಾಕ್ತೀನಿ. ನಾಳೆ ಬಸ್ಸಿಗೆ ನಾನೂ ನಿನ್ ಜೊತೆ ಬತ್ತೀನಿ ಕಣೇ," ಎಂದರು ಅತ್ತೆಗೆ.

ಭಾನುವಾರ ಬೆಳಗ್ಗೆ ಮೂವರೂ ಬಸ್ ಸ್ಟ್ಯಾಂಡಿನಲ್ಲಿ ನಿಂತೆವು. ಜೀವಿತಾ ತಿಪಟೂರಿನಿಂದ ನೇರವಾಗಿ ತುರುವೇಕೆರೆಗೆ ಹೋಗುವವಳಿದ್ದಳು. ಗೃಹಪ್ರವೇಶಕ್ಕೆ ಕೊಡಲು ತಂದಿದ್ದ ಹಿತ್ತಾಳೆಯ ಕೊಳಗವನ್ನು ನಾನು ಅಪ್ಪಿ ಹಿಡಿದಿದ್ದೆ. ಮಾವ ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು, ಅತ್ತೆಯ ಬ್ಯಾಗು ಹಿಡಿದುಕೊಂಡು, ರಸ್ತೆಯ ಆ ಕೊನೆಯನ್ನೇ ನೋಡುತ್ತಿದ್ದರು.

ಬಸ್ಸು ಬಂತು. ಬಂದು, ಬ್ರೇಕು ಹಾಕಿತು.

ಹಂದಿಯೊಂದಲ್ಲ, ಹಂದಿಗಳ ಹಿಂಡನ್ನೇ ಹಿಡಿದ ಹಾಗೆ ಕೂಗಿತು. ನಾನು ಕೊಳಗ ಬಿಡುವುದರಲ್ಲಿದ್ದೆ. ಆದರೆ ಸ್ಟ್ಯಾಂಡಿನಲ್ಲಿ ಒಬ್ಬರೂ ತಿರುಗಲಿಲ್ಲ. ಕಟ್ಟೆಯ ಮೇಲಿನ ಮುದುಕರು ಕಣ್ಣೂ ತೆರೆಯಲಿಲ್ಲ. ಅತ್ತೆ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟವರು ಹಾಗೇ ನಿಂತರು.

"ಏನಪ್ಪಾ, ನಿಮ್ಮ ಬಸ್ಸು ಯಾವತ್ತಿಂದ ಹಿಂಗೆ ಕೂಗ್ತದೆ?"

"ಯಾವತ್ತೂ ಹಿಂಗೇ ಕಣಮ್ಮ," ಎಂದ ಕಂಡಕ್ಟರ್. "ಕೂಗಿದ್ರ ನಿಂತ್ಕತದೆ ಅಂತ ಅರ್ಥ. ಕೂಗದೆ ಬಂದ್ರ ದೂರ ಓಡಿ. ಹತ್ರಿ, ಹತ್ರಿ."

ಅತ್ತೆ ಮೆಟ್ಟಿಲಿನಿಂದ ಕಾಲು ತೆಗೆದರು. ಬಸ್ಸನ್ನು ನೋಡಿದರು. ಬ್ಯಾಗು ಹಿಡಿದು ನಿಂತ ಗಂಡನನ್ನು ನೋಡಿದರು.

"ರೀ, ಹೋಗಿ ಕಾರ್ ತಗಂಡ್ ಬನ್ನಿ."

"ಯಾಕೇ? ಅದು ಕೂಗ್ತದಲ್ಲೇ!"

"ಕೂಗ್ಲಿ ಬುಡಿ. ಅಷ್ಟು ದೊಡ್ಡ ಬಸ್ಸೇ ನಾಚ್ಕಳಲ್ಲ, ನಾವ್ಯಾಕೆ ನಾಚ್ಕಬೇಕು?"

ಅರವತ್ತನಾಲ್ಕರ ಮಾವ ಓಡಿದ್ದನ್ನು ನಾನು ಅಂದೇ ನೋಡಿದ್ದು. ಮಂಡಿಯ ನೋವು ಎಲ್ಲಿ ಹೋಯಿತೋ ತಿಳಿಯದು. ನನ್ನನ್ನು ಏನು ಮಾಡುವುದೆಂಬ ಪ್ರಶ್ನೆಯೇ ಬರಲಿಲ್ಲ. ಇದ್ದದ್ದು ಎರಡೇ ಸೀಟು. ಕೊಳಗ ಹೊತ್ತುಕೊಂಡು ನಾನು ಬಸ್ಸು ಹತ್ತಿದೆ.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಂಪು ಕಾರು ನಮ್ಮನ್ನು ಹಿಂದೆ ಹಾಕಿತು. ಮಾವ ಆ ಕಾರಿನಲ್ಲಿ ಯಾರನ್ನಾದರೂ ಹಿಂದೆ ಹಾಕಿದ್ದು ಅದೇ ಮೊದಲು. ಮುಂದೆ ಹಂಪು ಬಂತು. ಕಾರು ಕೂಗಿತು, ಅದರ ಹಿಂದೆ ನಮ್ಮ ಬಸ್ಸೂ ಕೂಗಿತು. ಬಸ್ಸಿನ ಜನ ಕಿಟಕಿಗೆ ಮುಗಿಬಿದ್ದು ನೋಡಿದರು. ಕಿಟಕಿಯ ಗಾಜಿಳಿಸಿ ಕುಳಿತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು, ಮನೆಗೆ ಬಂದ ನೆಂಟರನ್ನು ವಿಚಾರಿಸಿಕೊಳ್ಳುವವರ ಹಾಗೆ, ನಮಗೆಲ್ಲ ಒಂದು ಸಲ ತಲೆಯಾಡಿಸಿದರು. ಮತ್ತೆ ಮಾವನ ಕಡೆ ತಿರುಗಿ ಏನೋ ಹೇಳಿದರು. ಏನೆಂದು ನನಗೆ ಕೇಳಿಸಲಿಲ್ಲ. ಆ ಕಾರಿನಲ್ಲಿ ಮೂರನೆಯವರು ಯಾರೂ ಇರಲಿಲ್ಲ.